ಬಾಗಿಲಿಲ್ಲದ ಅಡುಗೆಮನೆ

ಮೈಸೂರಿನಲ್ಲಿ ನಮ್ಮ ಎದುರು ಸಾಲಿನ ಮನೆಯವರು ಹಿತ್ತಲ ಜಗಲಿಯಲ್ಲಿ ಅಡುಗೆಮನೆ ಕಟ್ಟಿಸುತ್ತಿದ್ದಾರೆ. ಸೊಳ್ಳೆ ಬರದಂತೆ ಸುತ್ತಲೂ ಜಾಲರಿ, ಗೋಡೆಗೆ ಸೇರಿದಂತೆ ಇಟ್ಟಿಗೆಯ ಕಟ್ಟೆ, ಅದರ ಮೇಲೆ ಇದ್ದಿಲು ಹಾಕಿ ಸುಡಲು ಕಬ್ಬಿಣದ ಕಂಬಿಗಳ ಗ್ರಿಲ್. ಮನೆಯಾಕೆ ಮೊನ್ನೆ ನನ್ನನ್ನು ಕರೆದುಕೊಂಡು ಹೋಗಿ ಸಂಭ್ರಮದಿಂದ ತೋರಿಸಿದರು. ಹಸಿ ಸಿಮೆಂಟು, ಆಗತಾನೇ ಬೆಸುಗೆ ಹಾಕಿದ ಕಬ್ಬಿಣ, ಎರಡರ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿಯಿತು. ಅವರು ಏನೇನೋ ಹೇಳುತ್ತಿದ್ದರು. ನಾನು ಹೂಂ ಹೂಂ ಅನ್ನುತ್ತಲೇ ಇಲ್ಲಿಂದ ಹೊರಗೆ ಹೋಗುವುದು ಯಾವ ಕಡೆಯಿಂದ ಎಂದು ಕಣ್ಣಾಡಿಸುತ್ತಿದ್ದೆ. ಮನೆಗೆ ಬಂದು ಕಿಟಕಿ, ಬಾಗಿಲು ಎಲ್ಲವನ್ನೂ ತೆರೆದಿಟ್ಟೆ.

ತೊಂಬತ್ತರ ದಶಕದ ಶುರುವಿನ ಮಾತು. ನನಗೆ ಮದುವೆಯಾಗಿ ಎರಡು ವರ್ಷವಾಗಿತ್ತು. ನಮ್ಮವರಿಗೆ ಬನಾರಸ್ಸಿನ ವಿಶ್ವವಿದ್ಯಾಲಯದಲ್ಲಿ ಕೆಲಸ. ಕ್ಯಾಂಪಸ್ಸಿನೊಳಗೆ ಮನೆ ಸಿಗುವುದು ತಡವಾಗುತ್ತದೆಂದು ಹನುಮಾನ್ ಘಾಟಿನ ಗಲ್ಲಿಯಲ್ಲಿ ಪದ್ದಮ್ಮ ಎಂಬುವರ ಮಹಡಿಯನ್ನು ಬಾಡಿಗೆಗೆ ಹಿಡಿದಿದ್ದೆವು. ಪದ್ದಮ್ಮ ಹಾಸನದ ಕಡೆಯವರು. ಯಾತ್ರಿಕರಿಗೆ ಶ್ರಾದ್ಧ, ಪೂಜೆ ಮಾಡಿಸುತ್ತಿದ್ದ ಪುರೋಹಿತರನ್ನು ಮದುವೆಯಾಗಿ ಹದಿನಾರರ ವಯಸ್ಸಿಗೇ ಕಾಶಿಗೆ ಬಂದವರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಕೆಳಗಿನ ಕೋಣೆಗಳಲ್ಲಿ ಕರ್ನಾಟಕದಿಂದ ಬರುವ ಯಾತ್ರಿಕರನ್ನು ಇಳಿಸಿಕೊಂಡು ಊಟ ಹಾಕುತ್ತಿದ್ದರು. ಸ್ಥೂಲದೇಹ, ನೋಯುವ ಮಂಡಿ, ಗಲ್ಲಿಯ ತುದಿಗೆ ಕೇಳಿಸುವಂಥ ದನಿ. ಸಾರು ಬಡಿಸುತ್ತಾ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಕಾಶೀಲಿ ಇದ್ದುಕೊಂಡು ಸಾವಿಗೆ ಹೆದರ್ತಾರೇನ್ರೀ? ನಾನಂತೂ ಅದಕ್ಕೇ ಕಾದುಕೊಂಡು ಕೂತಿದೀನಿ. ಇನ್ನೊಂದು ಸೌಟು ಹಾಕಲಾ?"

ಆ ಬೇಸಗೆ ಬರುವ ಹೊತ್ತಿಗೆ ನಾನು ಬಸುರಿಯಾಗಿದ್ದೆ. ಮಹಡಿಯಲ್ಲಿದ್ದ ಅಡುಗೆಕೋಣೆಗೆ ಕಿಟಕಿಯೇ ಇರಲಿಲ್ಲ. ಗ್ಯಾಸಿಗೆ ಹೆಸರು ಬರೆಸಿ ಕಾಯುತ್ತಿದ್ದ ಕಾಲ. ಸೀಮೆಎಣ್ಣೆ ಸ್ಟೌ ಹಚ್ಚಿದರೆ ಸಾಕು, ಹೊಟ್ಟೆಯೊಳಗಿನದೆಲ್ಲ ಗಂಟಲಿಗೆ ಬರುತ್ತಿತ್ತು. ಕೋಣೆಯ ಹೊರಗೆ ಉದ್ದನೆಯ ವರಾಂಡವೇನೋ ಇತ್ತು. ಆದರೆ ಅದು ಕೋತಿಗಳ ರಾಜ್ಯ. ಒಮ್ಮೆ ಅಲ್ಲಿ ಇದ್ದಿಲ ಒಲೆ ಇಟ್ಟುಕೊಂಡು ಅಕ್ಕಿರೊಟ್ಟಿ ತಟ್ಟುತ್ತಿದ್ದೆ. ಗಿಡ್ಡ ಗೋಡೆಯ ಮೇಲಿಂದ ಒಂದು ಗಡವ ಕೋತಿ ಇಳಿದು ನನ್ನ ಎದುರಿಗೇ ಕೂತಿತು. ನಾನು ಅಲುಗಾಡಲಿಲ್ಲ. ಅದು ಹಲ್ಲು ಕಿರಿದು, ನನ್ನ ಸೆರಗನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಹಿಟ್ಟಿನ ಪಾತ್ರೆಯನ್ನು ಎಳೆದುಕೊಂಡಿತು. ಅದು ಹೋದ ಮೇಲೂ ನಾನು ಕೂತಲ್ಲಿಂದ ಏಳಲಾರದೆ ಹೋಗಿದ್ದೆ. ಪದ್ದಮ್ಮನವರೇ ಮೆಟ್ಟಿಲು ಹತ್ತಿ ಬಂದು ಎಬ್ಬಿಸಿದರು.

"ಬರಾಮದಾಕ್ಕೆ ಪೂರಾ ಜಾಲಿ ಹೊಡಿಸಿಬಿಡೋಣ," ಎಂದರು ಅವರು ವರಾಂಡದ ಕಡೆಗೆ ಕೈ ತೋರಿಸಿ. ಅರ್ಧ ಶತಮಾನ ಕಾಶಿಯಲ್ಲಿ ಕಳೆದು ಅವರ ಕನ್ನಡದಲ್ಲಿ ಹಿಂದಿ ಅಲ್ಲಲ್ಲಿ ನುಸುಳುತ್ತಿತ್ತು. "ಒಳಗೇ ಚೂಲ್ಹಾ ಕಟ್ಟಿಸು. ಗಾಳಿ ಬರುತ್ತೆ, ಬಂದರ್ ಬರಲ್ಲ. ಬಸುರಿ ಹೆಂಗಸು ಆ ಕತ್ತಲೆ ಕೋಣೇಲಿ ಹೊಗೆ ಕುಡೀಬಾರದು."

ಜೂನ್ ತಿಂಗಳ ಬೆಂಕಿಯಂಥ ಬಿಸಿಲಲ್ಲಿ ಕೆಲಸ ನಡೆಯಿತು. ಲಲ್ಲನ್ ಎಂಬ ಮಿಸ್ತ್ರಿ ಬಂದು, ಗಿಡ್ಡ ಗೋಡೆಯಿಂದ ಚಾವಣಿಯವರೆಗೂ ದಪ್ಪ ಕಬ್ಬಿಣದ ಸರಳುಗಳ ಚೌಕಟ್ಟುಗಳನ್ನು ನಿಲ್ಲಿಸಿ, ಅವುಗಳ ಕಾಲುಗಳನ್ನು ಗೋಡೆಯಲ್ಲಿ ಕೊರೆದ ಗೂಡುಗಳಿಗೆ ಇಳಿಸಿ ಸಿಮೆಂಟು ತುಂಬಿದ. ಸರಳಿನ ಮೇಲೆ ಸಣ್ಣ ಕಣ್ಣಿನ ಜಾಲರಿ ಬಿಗಿದ. ಮೂಲೆಯಲ್ಲಿ ಇಟ್ಟಿಗೆಯ ಕಟ್ಟೆ ಎದ್ದಿತು. ಅದರಲ್ಲಿ ಎರಡು ಇದ್ದಿಲ ಒಲೆ. ಒಂದರ ಮೇಲೆ ಪಾತ್ರೆ ಇಡಲು, ಇನ್ನೊಂದರ ಮೇಲೆ ರೊಟ್ಟಿ, ಬದನೆಕಾಯಿ ಸುಡಲು ಬಿಡಿ ಕಂಬಿಗಳನ್ನು ಸಾಲಾಗಿ ಹೊಂದಿಸಿದ ಗ್ರಿಲ್. ಹೊರಮುಖವಾಗಿ ಒಂದು ಸಣ್ಣ ಬಾಗಿಲು ಇಡಲೇ, ಬೂದಿ ಸುರಿಯಲು ಅನುಕೂಲ, ಎಂದು ಲಲ್ಲನ್ ಕೇಳಿದ್ದು ನೆನಪಿದೆ. ಪದ್ದಮ್ಮ ಬೇಡವೆಂದರು. ಆ ಗಲ್ಲಿಯ ಕೋತಿಗಳು ಚಿಲಕ ತೆಗೆಯುವುದನ್ನು ಕಲಿತುಬಿಟ್ಟಿದ್ದವು. ಬೂದಿಯನ್ನು ಮೆಟ್ಟಿಲಿಳಿದೇ ಹೊರಗೆ ಹಾಕಬಹುದಿತ್ತು. ನಮಗೆಲ್ಲ ಅದೇ ಸರಿ ಎನಿಸಿತು.

ಮನೆಯ ಮಿಕ್ಕ ಕಿಟಕಿಗಳಿಗೆ ಮೊದಲಿಂದಲೂ ಸರಳಿದ್ದವು. ಚಾವಣಿಗೆ ಹತ್ತಲು ಮೆಟ್ಟಿಲಿರಲಿಲ್ಲ. ಒಂದು ಪಕ್ಕ ಧರ್ಮಶಾಲೆಯ ಎತ್ತರದ ಬೋಳು ಗೋಡೆ, ಇನ್ನೊಂದು ಪಕ್ಕ ಯಾರದೋ ಕುಸಿದ ಮನೆಯ ಬೀಳು ಜಾಗ. ವರಾಂಡ ಆ ಬೀಳಿನ ಕಡೆಗಿತ್ತು. ಹೊರಗೆ ಹೋಗಬೇಕೆಂದರೆ ಒಳಗಿನ ಮೆಟ್ಟಿಲಿಳಿದು ಕೆಳಗಿನ ಬಾಗಿಲಿಂದ ಗಲ್ಲಿಗೆ ಕಾಲಿಡಬೇಕು. ಆಗ ಇದನ್ನೆಲ್ಲ ಯೋಚಿಸಿದವರು ಯಾರೂ ಇಲ್ಲ. ಎಲ್ಲರ ಮನೆಯೂ ಹಾಗೆಯೇ ಇತ್ತು.

ಮೊದಲ ಮಳೆ ಬಿದ್ದ ದಿನ ಆ ಅಡುಗೆಮನೆಯಲ್ಲಿ ಬದನೆಕಾಯಿ ಸುಟ್ಟು ಗೊಜ್ಜು ಮಾಡಿದೆ. ಕೋತಿಗಳು ಜಾಲರಿಯ ಹೊರಗೆ ಸಾಲಾಗಿ ಕೂತು ಒದ್ದೆಯಾಗುತ್ತಾ ನೋಡಿದವು. ನಮ್ಮವರು ಮಣೆ ಹಾಕಿಕೊಂಡು ಅಲ್ಲೇ ಉಂಡರು. ಒಂದು ತಿಂಗಳು ಅಷ್ಟು ಸುಖವಾಗಿದ್ದೆ. ಆಮೇಲೆ ನದಿ ಏರತೊಡಗಿತು.

ಗಂಗೆ ಏರುವುದು ಸದ್ದು ಮಾಡಿಕೊಂಡಲ್ಲ. ಬೆಳಿಗ್ಗೆ ನೋಡಿದರೆ ನಿನ್ನೆ ಜನ ಕೂತು ಸ್ನಾನ ಮಾಡುತ್ತಿದ್ದ ಮೆಟ್ಟಿಲು ಇರುವುದಿಲ್ಲ, ಅಷ್ಟೆ. ಶ್ರಾವಣದಲ್ಲಿ ಘಾಟಿನ ಸಣ್ಣ ಗುಡಿಗಳು ಮುಳುಗಿದವು. ಆಮೇಲೆ ಕಲ್ಲಿನ ಛತ್ರಿ ಮಂಟಪಗಳು ಮುಳುಗಿದವು. ವರಾಂಡದ ಎಡಕ್ಕೆ ಓರೆಯಾಗಿ ನೋಡಿದರೆ ಹರಿಶ್ಚಂದ್ರ ಘಾಟ್ ಕಾಣುತ್ತಿತ್ತು. ಅಲ್ಲಿ ಸುಡುವ ಜಾಗ ಮುಳುಗಿದ ಹಾಗೆಲ್ಲ ಚಿತೆಗಳು ಮೇಲಕ್ಕೆ ಹತ್ತಿ ಬಂದವು. ಕೊನೆಗೆ ಗಲ್ಲಿಯ ಬಾಯಲ್ಲೇ ಸುಡತೊಡಗಿದರು. ಹೊಗೆ ನನ್ನ ಜಾಲರಿಯೊಳಗೆ ನುಗ್ಗುತ್ತಿತ್ತು. ಬಸುರಿ ಚಿತೆ ನೋಡಬಾರದೆಂದು ಪದ್ದಮ್ಮ ಆ ಕಡೆಗೆ ಒಂದು ಹಳೆಯ ಸೀರೆ ಇಳಿಬಿಟ್ಟರು. ನೋಡದಿದ್ದರೇನು, ಒಲೆಯ ಮೇಲೆ ಏನೇ ಇಟ್ಟರೂ ಅದರ ವಾಸನೆ ನನಗೆ ಒಂದೇ ಆಗಿಬಿಟ್ಟಿತ್ತು. ಅನ್ನ ಬಸಿದು, ಮೊಸರು ಕಲಸಿ, ಮೂಗು ಮುಚ್ಚಿಕೊಂಡು ನುಂಗುತ್ತಿದ್ದೆ.

ಮನೆಯೊಳಗೆ ನೀರು ಬಾಗಿಲಿಂದ ಬರಲಿಲ್ಲ. ಬಚ್ಚಲ ಮೋರಿಯಿಂದ ಮೇಲಕ್ಕೆ ಉಕ್ಕಿತು. ಕಪ್ಪು ನೀರು, ಅದರಲ್ಲಿ ಜಿರಲೆಗಳು. ಯಾತ್ರಿಕರೆಲ್ಲ ಆಗಲೇ ಜಾಗ ಖಾಲಿಮಾಡಿದ್ದರು. ಪದ್ದಮ್ಮ ಅಕ್ಕಿ, ಬೇಳೆ, ಹಾಸಿಗೆ, ದೇವರ ಪೆಟ್ಟಿಗೆ ಎಲ್ಲವನ್ನೂ ಮಹಡಿಗೆ ಸಾಗಿಸಿ ನಮ್ಮ ಜೊತೆಗೇ ಉಳಿದರು. ಕಟ್ಟೆಯ ಮೇಲೆ ಒಂದು ಒಲೆ ಅವರ ಮಡಿಗೆ, ಇನ್ನೊಂದು ನನಗೆ. ಮೆಟ್ಟಿಲ ಮೇಲೆ ನಿಂತು ಕೆಳಗೆ ನೋಡಿದರೆ ನಮ್ಮದೇ ಮನೆಯ ನಡುಮನೆಯಲ್ಲಿ ಚಪ್ಪಲಿ, ಮಣೆ, ತೆಂಗಿನಕಾಯಿ ಚಿಪ್ಪು ತೇಲುತ್ತಾ ಮೆಲ್ಲಗೆ ಸುತ್ತುತ್ತಿದ್ದವು. ಆ ನೀರಿನಲ್ಲಿ ಮೊದಲ ಮೆಟ್ಟಿಲು ಕಾಣುತ್ತಿದೆಯೇ ಎಂದು ನಾನು ಗಳಿಗೆಗೊಮ್ಮೆ ಎದ್ದು ಹೋಗಿ ನೋಡುತ್ತಿದ್ದೆ.

"ಎಷ್ಟು ಸಲ ನೋಡ್ತೀಯೆ? ನೋಡಿದರೆ ಇಳಿಯುತ್ತಾ?" ಎನ್ನುತ್ತಿದ್ದರು ಪದ್ದಮ್ಮ. "ಬಾಢ್ ಬರುತ್ತೆ, ಹೋಗುತ್ತೆ. ನಾನು ಎಷ್ಟೋ ಕಂಡಿದೀನಿ."

ನಮ್ಮವರಿಗೆ ಧೈರ್ಯ ಸಾಲಲಿಲ್ಲ. ನದಿಯಿಂದ ಒಳಗಿದ್ದ ಭೇಲೂಪುರದಲ್ಲಿ ಅವರಿಗೆ ಪರಿಚಯದ ಕನ್ನಡದ ಡಾಕ್ಟರೊಬ್ಬರಿದ್ದರು. ಅವರ ಮನೆಯಲ್ಲಿ ನಮಗೊಂದು ಕೋಣೆ ಗೊತ್ತುಮಾಡಿ, ದೋಣಿ ತರುತ್ತೇನೆಂದು ಒಂದು ಮಧ್ಯಾಹ್ನ ಸೊಂಟದ ಮಟ್ಟದ ನೀರಿನಲ್ಲಿ ನಡೆದು ಹೋದರು. ಸಂಜೆಯೊಳಗೆ ಬರುತ್ತೇನೆ ಎಂದಿದ್ದರು, ಬರಲಿಲ್ಲ. ದೋಣಿಗಳೆಲ್ಲ ತಗ್ಗಿನ ಮೊಹಲ್ಲಾಗಳ ಜನರನ್ನು ಎತ್ತಲು ಹೋಗಿದ್ದವೆಂದು ಆಮೇಲೆ ಗೊತ್ತಾಯಿತು. ರಾತ್ರಿಯಿಡೀ ಜೋರು ಮಳೆ.

ಬೆಳಗಾಗುವಾಗ ನೋಡಿದರೆ ಮೆಟ್ಟಿಲುಗಳು ಅರ್ಧಕ್ಕಿಂತ ಹೆಚ್ಚು ಮುಳುಗಿದ್ದವು. ಕೆಳಗಿನ ಬಾಗಿಲು ಮೇಲಿನ ಕಟ್ಟಿನವರೆಗೂ ನೀರಿನೊಳಗೆ ಹೋಗಿತ್ತು. ಇನ್ನು ಆ ದಾರಿ ಇಲ್ಲ ಎಂಬುದು ನನಗೆ ತಕ್ಷಣ ಹೊಳೆಯಲಿಲ್ಲ. ಒಲೆ ಹಚ್ಚಿ, ಕಾಫಿಗೆ ನೀರಿಟ್ಟೆ. ಪಾತ್ರೆಯನ್ನು ನೋಡುತ್ತಾ ನಿಂತವಳಿಗೆ ಏನೋ ಸರಿಯಿಲ್ಲ ಎನಿಸಿತು. ನೀರು ಪಾತ್ರೆಯ ಒಂದು ಬದಿಯಲ್ಲಿ ಅಂಚಿನ ಹತ್ತಿರಕ್ಕಿತ್ತು, ಇನ್ನೊಂದು ಬದಿಯಲ್ಲಿ ಎರಡು ಬೆರಳು ಕೆಳಗಿತ್ತು. ಪಾತ್ರೆ ತಿರುಗಿಸಿ ಇಟ್ಟೆ. ಮತ್ತೆ ಹಾಗೆಯೇ. ಕಟ್ಟೆಯೇ ವಾಲಿತ್ತು. ಕಟ್ಟೆಯ ಕೆಳಗಿನ ನೆಲ ವಾಲಿತ್ತು.

ಒಳಗೆ ಹೋಗಿ ನೋಡಿದೆ. ಮೆಟ್ಟಿಲಿಗೂ ಕೋಣೆಗೂ ನಡುವಿನ ಗೋಡೆಯಲ್ಲಿ ಚಾವಣಿಯಿಂದ ನೆಲದವರೆಗೆ ಒಂದು ಬಿರುಕು. ಹಿಂದಿನ ರಾತ್ರಿ ಅದು ಇರಲಿಲ್ಲ. ಬೆರಳಿಟ್ಟೆ, ಹೋಯಿತು. ಗಾರೆ ಪುಡಿಪುಡಿಯಾಗಿ ಕೈಮೇಲೆ ಉದುರಿತು.

"ಪದ್ದಮ್ಮ, ಸ್ವಲ್ಪ ಇಲ್ಲಿ ಬನ್ನಿ," ಎಂದೆ.

ಅವರು ಬಂದು ನೋಡಿದರು. ಆಮೇಲೆ ಹೋಗಿ ದೇವರ ಪೆಟ್ಟಿಗೆಯ ಮುಂದೆ ಕೂತು ಜಪಮಣಿ ಹಿಡಿದರು. ನಾನು ವರಾಂಡಕ್ಕೆ ಓಡಿ ಜಾಲರಿಗೆ ಬಾಯಿ ಇಟ್ಟು ಯಾರಾದರೂ ಇದ್ದೀರಾ ಎಂದು ಕನ್ನಡದಲ್ಲಿ ಕೂಗಿದೆ. ಹಿಂದಿಯ ಒಂದು ಮಾತೂ ನೆನಪಿಗೆ ಬರಲಿಲ್ಲ. ಬೀಳು ಜಾಗ ಕೆರೆಯಾಗಿತ್ತು. ನೀರು ನಮ್ಮ ವರಾಂಡದ ನೆಲಕ್ಕಿಂತ ಒಂದು ಆಳಿನಷ್ಟು ಕೆಳಗೆ, ಕಂದುಬಣ್ಣಕ್ಕೆ ತಿರುಗಿ ಸುಳಿಯುತ್ತಿತ್ತು. ಎರಡು ಕೈಯಲ್ಲಿ ಸರಳು ಹಿಡಿದು ಅಲ್ಲಾಡಿಸಿದೆ. ಕೋತಿಗಳಿಗಾಗಿ ಕಟ್ಟಿಸಿದ್ದರಲ್ಲಿ ನಾವೇ ಸಿಕ್ಕಿಕೊಂಡಿದ್ದೆವು. ಹೊಟ್ಟೆಯಲ್ಲಿ ಮಗು ಒದ್ದಾಡಿತು. ಅದೂ ಹೆದರಿದೆಯೆಂದು ಆಗ ಅನಿಸಿದ್ದು ಈಗಲೂ ನೆನಪಿದೆ.

ಎಷ್ಟು ಹೊತ್ತಾಯಿತೋ, ಬೀಳಿನ ಕಡೆಯಿಂದ "ಸುಮಾ" ಎಂದು ಕೂಗು ಕೇಳಿತು. ನಮ್ಮವರು. ಮುನ್ನಾ ಎಂಬ ಅಂಬಿಗನ ದೋಣಿಯಲ್ಲಿ ಬಂದಿದ್ದರು. ಮೊದಲು ಗಲ್ಲಿಯ ಬಾಗಿಲಿಗೇ ಹೋಗಿ, ಅದು ಮುಳುಗಿರುವುದನ್ನು ಕಂಡು ಸುತ್ತಿ ಬಂದಿದ್ದರು. ದೋಣಿ ವರಾಂಡದ ಕೆಳಗೆ ಗೋಡೆಗೆ ತಾಗಿ ನಿಂತಿತು.

"ಗೋಡೆ ಬಿಡ್ತಾ ಇದೆ ರೀ," ಎಂದೆ. "ನೆಲ ವಾಲಿದೆ."

ಅವರ ಮುಖ ಬಿಳಿಚಿಕೊಂಡಿತು. ಆದರೂ ಮೆಲ್ಲಗೇ ಮಾತಾಡಿದರು. "ಹೆದರಬೇಡ. ಸರಳಿನ ಕಾಲು ಎಲ್ಲಿ ಕೂತಿದೆ ನೋಡು. ಮೂಲೇದು. ಅಲ್ಲಿ ಸಿಮೆಂಟು ಕೆರೆದು ಬಿಡಿಸೋಕಾಗುತ್ತಾ? ನಾನು ಹೊರಗಿಂದ ಎಳೀತೀನಿ."

ಮುನ್ನಾ ಮೇಲಕ್ಕೆ, ಗೋಡೆಯ ಕಡೆಗೆ ನೋಡಿ, "ಜಲ್ದೀ ಕರಿಯೇ ಬಹೂಜಿ," ಎಂದು ಅವಸರಪಡಿಸಿದ.

ಒಲೆಯ ಮೇಲಿನ ಗ್ರಿಲ್ಲಿನಿಂದ ಒಂದು ಕಂಬಿಯನ್ನು ಕಿತ್ತುಕೊಂಡೆ. ಅದರ ತುದಿಯನ್ನು ಸಿಮೆಂಟಿನ ಮೇಲಿಟ್ಟು ಕುಟ್ಟಾಣಿಯ ಗುಂಡಿನಿಂದ ಹೊಡೆದೆ. ಲಲ್ಲನ್ ಮರಳು ಜಾಸ್ತಿ ಬೆರೆಸಿದ್ದನೋ, ಮಳೆಗೆ ನೆನೆದಿತ್ತೋ, ಚಕ್ಕೆಯೆದ್ದು ಬಂತು. ಆದರೆ ಗೂಡು ಆಳವಾಗಿತ್ತು. ಪ್ರತಿ ಹೊಡೆತಕ್ಕೂ ಗೋಡೆ ಅದುರಿ, ನಾನೇ ಮನೆಯನ್ನು ಬೀಳಿಸುತ್ತಿದ್ದೇನೆಂದು ಭಯವಾಗುತ್ತಿತ್ತು. ಒಂದು ಕಾಲು ಬಿಟ್ಟುಕೊಂಡಿತು. ಎರಡನೆಯದಕ್ಕೆ ಬರುವಾಗ ಕೈ ಸೋತು ಗುಂಡು ಜಾರಿ ಬೆರಳ ಮೇಲೆ ಬಿತ್ತು.

"ಪದ್ದಮ್ಮ, ಸ್ವಲ್ಪ ಕೈಹಾಕಿ," ಎಂದು ಒಳಗೆ ನೋಡಿ ಕೂಗಿದೆ.

ಅವರು ಕೂತಲ್ಲಿಂದ ಏಳಲಿಲ್ಲ. ಕಣ್ಣು ಮುಚ್ಚಿಕೊಂಡೇ, "ನೀನು ಹೋಗೇ ಮಗಳೇ. ನಿನ್ನ ಹೊಟ್ಟೇಲಿ ಒಂದು ಜೀವ ಇದೆ. ನಾನು ಇಲ್ಲೇ ಇರ್ತೀನಿ. ಇದಕ್ಕಿಂತ ಪುಣ್ಯದ ಸಾವು ಎಲ್ಲಿ ಸಿಗುತ್ತೆ?" ಎಂದರು.

ಅವರ ಮಾತು ಮುಗಿದಿತ್ತೋ ಇಲ್ಲವೋ, ಮೆಟ್ಟಿಲ ಕಡೆಯಿಂದ ಸದ್ದು ಬಂತು. ದೊಡ್ಡ ಸದ್ದೇನಲ್ಲ. ಗೋಣಿಚೀಲ ನೀರಿಗೆ ಬಿದ್ದ ಹಾಗೆ, ಒಂದಾದ ಮೇಲೊಂದು. ಕೋಣೆಯೊಳಗಿಂದ ಸುಣ್ಣದ ಧೂಳು ಹೊರಟು ವರಾಂಡಕ್ಕೆಲ್ಲ ಹರಡಿತು. ಬಿರುಕಿದ್ದ ಜಾಗದಲ್ಲಿ ಈಗ ಬೆಳಕು ಕಾಣುತ್ತಿತ್ತು. ಮೆಟ್ಟಿಲುಗಳು ಇರಲಿಲ್ಲ.

ಧೂಳಿನೊಳಗಿಂದ ಪದ್ದಮ್ಮ ಅಂಬೆಗಾಲಿಟ್ಟುಕೊಂಡು ಬಂದರು. ಕೂದಲು, ಹುಬ್ಬು ಎಲ್ಲ ಬೆಳ್ಳಗಾಗಿತ್ತು. ನನ್ನ ಕೈಯಿಂದ ಕಂಬಿ ಕಿತ್ತುಕೊಂಡು, ನನ್ನ ಮುಖಕ್ಕೆ ಮುಖ ತಂದು, ನಾನೆಂದೂ ಕೇಳಿರದ ಸಣ್ಣ ದನಿಯಲ್ಲಿ ಹೇಳಿದರು: "ನಂಗೆ ಸಾಯೋಕೆ ಇಷ್ಟ ಇಲ್ಲ ಕಣೆ ಸುಮಾ. ನಂಗೆ ತುಂಬಾ ಭಯ ಆಗ್ತಿದೆ."

"ನಂಗೂ," ಎಂದೆ.

ಅವರು ಮಂಡಿಯೂರಿ ಕಂಬಿಯನ್ನು ಎರಡು ಕೈಯಲ್ಲಿ ಹಿಡಿದರು. ನಾನು ಗುಂಡಿನಿಂದ ಹೊಡೆದೆ. ನಮ್ಮವರು ದೋಣಿಯಲ್ಲಿ ಎದ್ದು ನಿಂತು ಚೌಕಟ್ಟಿಗೆ ಜೋತುಬಿದ್ದರು. ಮೂಲೆಯ ಚೌಕಟ್ಟಿನ ಕೆಳಭಾಗ ಕಿರುಗುಟ್ಟುತ್ತಾ ಹೊರಕ್ಕೆ ಬಾಗಿತು. ಜಾಲರಿ ಹರಿದು, ಒಬ್ಬರು ತೂರುವಷ್ಟು ಸಂದು ಆಯಿತು.

ಪದ್ದಮ್ಮ ನನ್ನನ್ನೇ ಮೊದಲು ತಳ್ಳಿದರು. ಹಿಂದುಮುಂದಾಗಿ, ಕಾಲು ಮೊದಲು ಇಳಿಬಿಟ್ಟು, ಹೊಟ್ಟೆಯನ್ನು ಒಂದು ಕೈಯಿಂದ ಮುಚ್ಚಿಕೊಂಡು ಜಾರಿದೆ. ಮುನ್ನಾ ಕಾಲು ಹಿಡಿದು ದೋಣಿಯಲ್ಲಿ ಊರಿಸಿದ. ಆಮೇಲೆ ಅವರ ಸರದಿ. ಸೊಂಟದ ಹತ್ತಿರ ಸಿಕ್ಕಿಕೊಂಡರು. ಸೀರೆ ಜಾಲರಿಯ ಮೊನೆಗಳಿಗೆ ಕಚ್ಚಿಕೊಂಡಿತ್ತು. ಮೇಲೆ ಮನೆ ಮತ್ತೆ ಒಮ್ಮೆ ನರಳಿತು. "ಎಳೀರೋ, ಹರಿದರೆ ಹರೀಲಿ," ಎಂದರು ಅವರು. ಇಬ್ಬರು ಗಂಡಸರೂ ಸೇರಿ ಎಳೆದರು. ಸೀರೆಯ ಅರ್ಧ ಜಾಲರಿಯಲ್ಲೇ ಉಳಿಯಿತು. ತೊಡೆಯ ಮೇಲೆ ಉದ್ದಕ್ಕೂ ಸಿಗಿದು ರಕ್ತ ಹರಿಯುತ್ತಿತ್ತು. ನನ್ನ ಮೇಲಿದ್ದ ಶಾಲನ್ನು ಅವರಿಗೆ ಸುತ್ತಿದೆ.

ದೇವರ ಪೆಟ್ಟಿಗೆ ಒಳಗೇ ಇತ್ತು. ಅವರ ಮಾವನವರ ಕಾಲದ ಸಾಲಿಗ್ರಾಮ, ಲಿಂಗ ಎಲ್ಲ ಅದರಲ್ಲಿದ್ದವು. ನಮ್ಮವರು ಒಂದು ಕ್ಷಣ ಮೇಲಕ್ಕೆ ನೋಡಿದರು. ಪದ್ದಮ್ಮ ಅವರ ತೋಳು ಹಿಡಿದು ಕೂರಿಸಿ, "ಬೇಡಪ್ಪಾ. ಚಲೋ ಭೈಯಾ, ಚಲೋ," ಎಂದರು. ಮುನ್ನಾ ಗೋಡೆಗೆ ಬಿದಿರಿನ ಗಳು ಒತ್ತಿ ದೋಣಿಯನ್ನು ದೂರ ತಳ್ಳಿದ.

ಆ ದಿನ ಮಧ್ಯಾಹ್ನ ಮನೆಯ ಗಲ್ಲಿಯ ಕಡೆಯ ಅರ್ಧ ಕುಸಿಯಿತೆಂದು ಮಾರನೆಯ ದಿನ ತಿಳಿಯಿತು. ವರಾಂಡ ಬೀಳಲಿಲ್ಲ. ನೀರಿಳಿದ ಮೇಲೆ ನಮ್ಮವರು ಏಣಿ ಹಾಕಿ ಹತ್ತಿ ನೋಡಿದರೆ ಒಲೆಕಟ್ಟೆ ವಾಲಿಕೊಂಡು ನಿಂತಿತ್ತಂತೆ, ದೇವರ ಪೆಟ್ಟಿಗೆ ಮೂಲೆಯಲ್ಲಿ ಹಾಗೇ ಇತ್ತಂತೆ. ಅದನ್ನು ತಂದುಕೊಟ್ಟಾಗ ಪದ್ದಮ್ಮ ತೆರೆದು ನೋಡಿ, ಮತ್ತೆ ಮುಚ್ಚಿ, ಸುಮಾರು ಹೊತ್ತು ಅದರ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ನಮ್ಮ ಹಳೆಯ ಗಲ್ಲಿಯ ಮಠದ ಸ್ವಾಮಿಗಳು ಬಂದು ವಿಶ್ವನಾಥನೇ ಉಳಿಸಿದ ಎಂದಾಗ ತಲೆಯಾಡಿಸಿದರು. ಮುಂದೆ ಭೇಲೂಪುರದಲ್ಲೇ ಎರಡು ಕೋಣೆ ಹಿಡಿದು ನಾವು ಮೂವರೂ ಒಟ್ಟಿಗೆ ಇದ್ದೆವು.

ಅವರ ತೊಡೆಯ ಗಾಯ ಮಾಗಿತು. ನನ್ನದು ಬೇರೆ ತರದ್ದು. ಬಾಗಿಲು ಮುಚ್ಚಿದ ಕೋಣೆಯಲ್ಲಿ ನಾನು ಕೂರಲಾರದೆ ಹೋದೆ. ಬಚ್ಚಲಿಗೆ ಹೋದರೂ ಚಿಲಕ ಹಾಕುತ್ತಿರಲಿಲ್ಲ. ಹಗಲು ಮಲಗಿದಾಗ ಲೋಟದಲ್ಲಿ ನೀರು ತುಂಬಿ ಪಕ್ಕದಲ್ಲಿಟ್ಟುಕೊಂಡು, ಅದು ಸಮವಾಗಿದೆಯೇ ಎಂದು ನೋಡಿಯೇ ಕಣ್ಣು ಮುಚ್ಚುತ್ತಿದ್ದೆ. ಇದನ್ನು ನಮ್ಮವರಿಗೂ ಹೇಳಿರಲಿಲ್ಲ. ಪದ್ದಮ್ಮನವರಿಗೂ ಹೇಳಿರಲಿಲ್ಲ, ಆದರೆ ಅವರಿಗೆ ಗೊತ್ತಿತ್ತು. ನಾನು ಸ್ನಾನಕ್ಕೆ ಹೋದಾಗಲೆಲ್ಲ ಬಚ್ಚಲ ಬಾಗಿಲ ಹೊರಗೆ ಅಕ್ಕಿ ಆರಿಸುವ ನೆವದಲ್ಲಿ ಮೊರ ಹಿಡಿದು ಕೂತಿರುತ್ತಿದ್ದರು.

ಚಳಿ ಶುರುವಾಗುವ ಹೊತ್ತಿಗೆ ನನಗೆ ನೋವು ಬಂತು. ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಎತ್ತರದಲ್ಲಿ ಒಂದೇ ಒಂದು ಕಿಟಕಿ, ಅದಕ್ಕೂ ಸರಳು. ನರ್ಸ್ ಹೋಗಿ ಬಾಗಿಲು ಹಾಕಿದ ಕೂಡಲೇ ನಾನು ಮೇಜಿನಿಂದ ಇಳಿಯಲು ಹೊರಟೆ. ನನ್ನನ್ನು ಹಿಡಿದು ಮಲಗಿಸಿದರು. ನಾನು ಬಾಗಿಲು, ಬಾಗಿಲು ಎಂದು ಕನ್ನಡದಲ್ಲೇ ಬಡಬಡಿಸುತ್ತಿದ್ದೆ. ಅವರಿಗೆ ಅರ್ಥವಾಗಲಿಲ್ಲ. ಹೊರಗಿದ್ದ ಪದ್ದಮ್ಮನವರಿಗೆ ಕೇಳಿಸಿತು.

ಬಾಗಿಲು ತೆರೆಯಿತು. ಎಲ್ಲಿಂದಲೋ ಒಂದು ಸ್ಟೂಲು ಎಳೆದುಕೊಂಡು ಬಂದು ಅವರು ಹೊಸ್ತಿಲ ಮೇಲೇ ಕೂತರು. ನನ್ನ ಕಡೆಗೆ ಬೆನ್ನು ಹಾಕಿ, ನೋಯುವ ಕಾಲನ್ನು ಉದ್ದಕ್ಕೆ ಚಾಚಿ ಬಾಗಿಲಿಗೆ ಅಡ್ಡ ಇಟ್ಟರು.

"ಮಾತಾಜಿ, ಯಹಾಂ ನಹೀ ಬೈಠನಾ ಹೈ. ಹಟಿಯೇ," ಎಂದಳು ನರ್ಸ್.

ಪದ್ದಮ್ಮ ಅಲ್ಲಿಂದ ಸರಿಯಲಿಲ್ಲ. ದೊಡ್ಡ ನರ್ಸ್ ಬಂದು ಗದರಿದಳು. ಡಾಕ್ಟರಮ್ಮ ಬಂದು ನಯವಾಗಿ ಹೇಳಿದರು. ಪದ್ದಮ್ಮ ಹಿಂದಿಯನ್ನೇ ಅರಿಯದವರ ಹಾಗೆ ಕಾರಿಡಾರಿನ ಕಡೆಗೆ ನೋಡುತ್ತಾ ಕೂತಿದ್ದರು. ಕೊನೆಗೆ ಯಾರೋ ಒಂದು ಹಸಿರು ಪರದೆ ತಂದು ಅಡ್ಡ ನಿಲ್ಲಿಸಿದರು. ಪರದೆಯ ಕೆಳಗಿನಿಂದ ನನಗೆ ಅವರ ಪಾದ ಕಾಣುತ್ತಿತ್ತು. ನೋವು ಬಂದಾಗಲೆಲ್ಲ ನಾನು ಅದನ್ನೇ ನೋಡುತ್ತಿದ್ದೆ. ಹಿಮ್ಮಡಿ ಒಡೆದ, ಬೆಳ್ಳಿಯ ಕಾಲುಂಗುರ ತೆಗೆದ ಗುರುತು ಇನ್ನೂ ಮಾಸದ ಆ ಪಾದ, ಮಧ್ಯಾಹ್ನ ಕಳೆದು ಮಗಳು ಹುಟ್ಟಿ ಅಳುವವರೆಗೂ, ಇಟ್ಟಲ್ಲಿಂದ ಅಲುಗಲಿಲ್ಲ.